ತೊಡೆಯ ಮೇಲೆ ಪುಂಡಿಪಲ್ಯ

ಮಂಗಳವಾರ, ಬೆಳಿಗ್ಗೆ ಏಳು. ಕಮಲಾಪುರದಿಂದ ಕಲಬುರಗಿಗೆ ಹೊರಡಲಿದ್ದ ಬಸ್ಸಿನ ಬಾಗಿಲಲ್ಲಿ ಜಗಳ. ಮಹಾದೇವಿ ಎಂಬ ರೈತ ಮಹಿಳೆ ಹನ್ನೊಂದು ಗಂಟು ಸೊಪ್ಪು ತಂದಿದ್ದರು. ತಾಜಾ ಸೊಪ್ಪು ಸಿಗದ, ಕಲಬುರಗಿಯ ರೋಜಾ ಬಡಾವಣೆಯ ಒಂದು ಗಲ್ಲಿಯ ಹೆಂಗಸರು ಒಟ್ಟಾಗಿ ಇವರ ಹೊಲದಿಂದ ತರಿಸಿಕೊಳ್ಳುತ್ತಾರಂತೆ. ಅವರು ಕೆಲಸಕ್ಕೆ ಹೊರಡುವ ಮೊದಲೇ ಅದು ತಲುಪಬೇಕು.

“ಇದೇನ್ ಬಸ್ಸೋ, ಲಾರಿನೋ? ಗಂಟು ಇಡಾಕ ಜಾಗಾ ಇಲ್ಲ. ಮುಂದಿನ ಬಸ್ಸಿಗೆ ಬರ್ರಿ ಅಕ್ಕಾರ,” ಎಂದರು ಕಂಡಕ್ಟರ್.

“ಮುಂದಿನ ಬಸ್ಸಿಗೆ ಬಂದ್ರ ಆ ಗಲ್ಲಿ ಹುಡುಗ್ರು ಇವತ್ತೂ ಚಿಪ್ಸ್ ಪಾಕೀಟೇ ತಿಂತಾವ್ರೀ. ಕೆಳಗ ಯಾಕ ಇಡ್ಲಿ?” ಎನ್ನುತ್ತ ಮಹಾದೇವಿ ಒಳಗೆ ಬಂದು, ಕುಳಿತವರ ತೊಡೆಯ ಮೇಲೆ ಒಂದೊಂದೇ ಗಂಟು ಇಡತೊಡಗಿದರು. “ಕೂಸಿನ್ಹಂಗ ಹಿಡೀರಿ ಅಣ್ಣಾರ!”

ನನ್ನ ಪಾಲಿಗೆ ಪುಂಡಿಪಲ್ಯ ಎಂಬ ಹುಳಿ ಸೊಪ್ಪಿನ ಗಂಟು ಬಂತು. ನೀರು ಚಿಮುಕಿಸಿದ ಸೊಪ್ಪಿನಿಂದ ಪ್ಯಾಂಟು ತೊಯ್ದಿತು. ಯಾರೂ ಬೇಡ ಎನ್ನಲಿಲ್ಲ.

ಕೊನೆಯ ಗಂಟಿಗೆ ಉಳಿದದ್ದು ಕಂಡಕ್ಟರ್ ಸೀಟು ಮಾತ್ರ. ಮಹಾದೇವಿ ಕಂಡಕ್ಟರ್ ಮುಖವನ್ನೇ ನೋಡುತ್ತ ನಿಂತರು. ಅವರು ಗೊಣಗುತ್ತಲೇ ಗಂಟನ್ನು ತಮ್ಮ ಸೀಟಿನ ಮೇಲಿಟ್ಟು, ಕಂಬಿ ಹಿಡಿದು ನಿಂತು, ಡ್ರೈವರನಿಗೆ ಕೂಗಿದರು:

“ರೈಟ್! ಲಗೂನ ಹೊಡಿ ತಮ್ಮಾ, ಗಲ್ಲಿಯವ್ರು ಕೆಲಸಕ್ಕ ಹೋಗಿಬಿಡ್ತಾರ!”