ಎಳ್ಳಿನ ಊರಿನ ಅಲರ್ಜಿ ವೈದ್ಯೆ: ಡಾ. ವಿದಾದ್ ಮನ್ಕಾರಾ

ಉತ್ತರ ಲೆಬನಾನಿನಲ್ಲಿ ಮಕ್ಕಳ ಅಲರ್ಜಿ ಮತ್ತು ಆಸ್ತಮಾ ಚಿಕಿತ್ಸೆಗೆ ಒಂದು ನೆಲೆ ಕಟ್ಟಿಕೊಟ್ಟವರು ಯಾರೆಂದು ಕೇಳಿದರೆ, ಟ್ರಿಪೋಲಿಯ ಯಾವ ತಾಯಿಯಾದರೂ ಮೊದಲು ಹೇಳುವ ಹೆಸರು ಡಾ. ವಿದಾದ್ ಮನ್ಕಾರಾ ಅವರದು. ಮೂವತ್ತಾರು ವರ್ಷಗಳ ಸೇವೆಯ ಬಳಿಕ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ನಾವು ಹಕೀಮಾ ಅಂದರೆ ವೈದ್ಯೆ ಎಂದೇ ಕರೆಯುವ ಅವರ ಕುರಿತು ಬರೆಯಲು ಸಂಪಾದಕರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಬರೆಯಲು ಕುಳಿತ ಮೇಲೆ ಮೊದಲ ಪುಟವನ್ನು ಎರಡು ಸಲ ಹರಿದು ಹಾಕಿದೆ. ಅವರ ಬಗ್ಗೆ ನನಗಿರುವ ದೊಡ್ಡ ನೆನಪುಗಳೆಲ್ಲ ಭಯದ ನೆನಪುಗಳೇ. ಅದನ್ನು ಮುಚ್ಚಿಟ್ಟು ಬರಿಯ ಹೊಗಳಿಕೆ ಬರೆದರೆ ಮೊದಲು ಸಿಟ್ಟಾಗುವವರು ಅವರೇ.

ನಾನು ಅವರ ವಿಭಾಗಕ್ಕೆ ವಿದ್ಯಾರ್ಥಿನಿಯಾಗಿ ಸೇರಿದಾಗ ಪ್ರತಿ ಬಾಣಂತಿಗೂ ಒಂದು ಹಳದಿ ಚೀಟಿ ಕೊಡುವುದು ಅಲ್ಲಿನ ಪದ್ಧತಿಯಾಗಿತ್ತು: ಮಗುವಿಗೆ ಮೂರು ವರ್ಷ ತುಂಬುವವರೆಗೆ ಎಳ್ಳು, ಮೊಟ್ಟೆ, ಬಾದಾಮಿ, ಕಡಲೆಕಾಯಿ ಬೇಡ. ಆಗ ಹೊರದೇಶಗಳ ದೊಡ್ಡ ವೈದ್ಯರೂ ಅದನ್ನೇ ಹೇಳುತ್ತಿದ್ದರು. ನಾನು ಮದುವೆಯಾಗಿ ಹೋದದ್ದು ಮೂರು ತಲೆಮಾರಿನಿಂದ ಗಾಣದಲ್ಲಿ ಎಣ್ಣೆ ತೆಗೆಯುವ, ಎಳ್ಳು ನುಣ್ಣಗೆ ಅರೆದು ತಹಿನಿ ಮಾಡುವ ಮನೆಗೆ. ಮಗಳು ಜುಮಾನಾ ಹುಟ್ಟಿದಾಗ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ನಾನೇ.

"ಎಳ್ಳಿನ ಮನೇಲಿ ಹುಟ್ಟಿದ ಕೂಸಿಗೆ ಎಳ್ಳು ಬೇಡ್ವಂತೆ! ನಿನ್ನ ಗಂಡ ಹಲ್ಲು ಬರೋಕೆ ಮುಂಚೆನೇ ತಹಿನಿ ನೆಕ್ಕಿ ಬೆಳೆದವ್ನು ಕಣೇ," ಎಂದು ಅತ್ತೆ ಉಮ್ ಫಾಯಿಜ್ ಹಂಗಿಸಿದರು. ಸೊಸೆ ಡಾಕ್ಟರಲ್ಲವೇ ಎಂದು ಕೊನೆಗೆ ಸುಮ್ಮನಾದರು. ಆದರೆ ಮಗುವಿನ ಮೈಮೇಲೆ ಇಸುಬು ಎದ್ದಾಗ, ಗಾಣದ ಮನೆಯವರು ಮಾಡುವುದನ್ನೇ ಅವರು ಮಾಡಿದರು: ಆಗಷ್ಟೇ ತೆಗೆದ ಎಳ್ಳೆಣ್ಣೆಯನ್ನು ದಿನಾ ಬೆಳಿಗ್ಗೆ ಒಡೆದ ಚರ್ಮಕ್ಕೆ ತಿಕ್ಕಿದರು. ಗಂಡ ಫಾಯಿಜ್ ಎಳ್ಳಿನ ಪುಡಿ ಹತ್ತಿದ ಬಟ್ಟೆಯಲ್ಲೇ ಅವಳನ್ನು ಎತ್ತಿಕೊಳ್ಳುತ್ತಿದ್ದ. ಬಾಯಿಗೆ ಹೋಗದಿದ್ದರೆ ಸಾಕು ಎಂದು ನಾನೂ ನೆಮ್ಮದಿಯಾಗಿದ್ದೆ.

ಮೂರನೆಯ ಹುಟ್ಟುಹಬ್ಬದ ಮಧ್ಯಾಹ್ನ ಅವಳಿಗೆ ಉಗುರಿನಷ್ಟು ಎಳ್ಳಿನ ಹಲ್ವಾ ಕೊಟ್ಟೆವು. ಐದು ನಿಮಿಷ ಕಳೆದಿರಲಿಲ್ಲ, ತುಟಿ ಬಾತುಕೊಂಡಿತು, ಉಸಿರಿನಲ್ಲಿ ಸೀಟಿ ಹೊಡೆದಂತೆ ಸದ್ದು ಬಂತು, ಕುತ್ತಿಗೆ ವಾಲಿತು. ಆಸ್ಪತ್ರೆಯ ಬಾಗಿಲಲ್ಲಿ ನಾನು ಕಲಿತದ್ದೆಲ್ಲ ಮರೆತು ಕಿರುಚುತ್ತಾ ನಿಂತಿದ್ದೆ.

"ಅಳೋದು ಆಮೇಲೆ! ಮಲಗ್ಸು, ಕಾಲು ಎತ್ತಿ ಹಿಡಿ!" ಎಂದು ಹಕೀಮಾ ಗದರಿದರು. ನಾನು ಕಾಲು ಹಿಡಿಯುವಷ್ಟರಲ್ಲಿ ಅವಳ ತೊಡೆಗೆ ಅಡ್ರಿನಾಲಿನ್ ಚುಚ್ಚಿಯಾಗಿತ್ತು. ಎರಡನೆಯ ಚುಚ್ಚುಮದ್ದಿನ ನಂತರ ಜುಮಾನಾ ಅತ್ತಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನಿಶ್ಚಿಂತೆಯಿಂದ ಉಂಡಿಲ್ಲ. ಗಂಡ ಗಾಣದಲ್ಲೇ ಮಿಂದು, ಬಟ್ಟೆ ಬದಲಿಸಿ, ಆದರೂ ಮಗಳನ್ನು ಮುಟ್ಟಲು ಹೆದರುತ್ತಿದ್ದ.

ಎರಡು ವರ್ಷದ ಮೇಲೆ ಹೊಸ ಸಂಶೋಧನೆಗಳ ವರದಿಗಳು ಬಂದವು. ಕಡಲೆಕಾಯಿಯನ್ನು ಎಳವೆಯಲ್ಲೇ ತಿಂದ ಮಕ್ಕಳಲ್ಲಿ ಅದರ ಅಲರ್ಜಿ ಬಹಳ ಕಡಿಮೆ. ಬಾಯಿಗೆ ಕೊಡದೆ ಒಡೆದ ಚರ್ಮದ ಮೂಲಕ ಮಾತ್ರ ಆಹಾರ ಒಳಹೊಕ್ಕರೆ ದೇಹ ಅದನ್ನು ಶತ್ರುವೆಂದು ತಿಳಿಯುವ ಸಾಧ್ಯತೆ ಹೆಚ್ಚು. ಹಕೀಮಾ ಅದನ್ನು ತರಗತಿಯಲ್ಲಿ ಓದಿ ಹೇಳಿ, ಆಗ ಅವರ ಸಹಾಯಕ ವೈದ್ಯೆಯಾಗಿದ್ದ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಹನಾದಿ, ನಿನ್ನ ಮಗಳಿಗೆ ಈ ಕಾಯಿಲೆ ತಂದಿಟ್ಟದ್ದು ನನ್ನ ಚೀಟಿನೇ ಇರಬಹುದಮ್ಮ."

"ಇರಬಹುದು ಅಂದ್ರೇನು ಮೇಡಂ? ಅವಳ ಉಸಿರು ನಿಲ್ತಾ ಇದ್ದದ್ದನ್ನ ನಾನು ನೋಡಿದೀನಿ!"

"ನಾನೂ ನೋಡಿದೀನಲ್ಲ."

ಒಂದೂವರೆ ತಿಂಗಳು ನಾನು ಅವರೊಡನೆ ಮಾತನಾಡಲಿಲ್ಲ. ಆ ಅವಧಿಯಲ್ಲಿ ಅವರು ಹಳೆಯ ದಾಖಲೆ ಪುಸ್ತಕಗಳನ್ನು ತೆಗೆದು, ಎಳೆಮಕ್ಕಳಿದ್ದ ಮನೆಗಳಿಗೆಲ್ಲ ತಾವೇ ಫೋನು ಮಾಡಿ, ತಾವು ಹೇಳಿದ್ದು ತಪ್ಪೆಂದು ತಿಳಿಸುತ್ತಿದ್ದರು. ಕೆಲವರು ಬೈದರು. ಪೂರ್ತಿ ಬೈಸಿಕೊಂಡ ಮೇಲೆಯೇ ಅವರು ಫೋನು ಇಡುತ್ತಿದ್ದರು ಎಂಬುದನ್ನು ಪಕ್ಕದ ಮೇಜಿನಲ್ಲಿದ್ದ ನಾನು ಕಂಡಿದ್ದೇನೆ, ಮತ್ತು ಅವರ ಮೇಲಿನ ನನ್ನ ಗೌರವ ಮರಳಿ ಬಂದದ್ದು ಅದನ್ನು ಕಂಡೇ.

ಜುಮಾನಾಳಿಗೆ ಎಂಟು ತುಂಬಿದಾಗ, ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ದೇಹವನ್ನು ಎಳ್ಳಿಗೆ ಒಗ್ಗಿಸುವ ಚಿಕಿತ್ಸೆಯನ್ನು ಹಕೀಮಾ ಕೈಗೊಂಡರು. ಮೊಸರಿನಲ್ಲಿ ಕಲಸಿದ, ಕಣ್ಣಿಗೆ ಕಾಣದಷ್ಟು ತಹಿನಿ. ಕೈಯಲ್ಲಿ ಅಡ್ರಿನಾಲಿನ್ ಸಿರಿಂಜು ಹಿಡಿದೇ ಅವರು ಮಗುವನ್ನು ಮಾತನಾಡಿಸುತ್ತಿದ್ದರು. ದನಿ ಕಟ್ಟಿದರೆ ಗಂಟಲು ಬಾತಿದೆ ಎಂದು ಮೊದಲು ತಿಳಿಯುವುದು ಹಾಗೆ.

"ಅಜ್ಜಿ ಹೇಗೆ ಬೈತಾರೆ, ಹೇಳು ನೋಡೋಣ."

"ಕತ್ತೆ ಅಂತಾರೆ."

"ನಿನಗಾ?"

"ಇಲ್ಲ, ಅಪ್ಪಂಗೆ."

ಅವಳ ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ಹಕೀಮಾ ಮಾತು ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆಯ ನಂತರ ದದ್ದು ಇಳಿದಾಗ ಅವರ ಬಿಳಿ ಕೋಟಿನ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು.

ಇಂದು ಹದಿನೈದರ ಜುಮಾನಾ ದಿನಾ ಒಂದು ಚಿಕ್ಕ ಚಮಚ ತಹಿನಿ ತಿನ್ನುತ್ತಾಳೆ. ಗುಣವಾಗಿದೆ ಎಂದು ಹೇಳಲಾರೆ. ಜ್ವರ ಬಂದರೆ, ಊಟದ ಹಿಂದೆಯೇ ಓಡಿದರೆ, ಕೆಲವು ದಿನ ತಪ್ಪಿಸಿದರೆ ಅದೇ ಚಮಚ ಅವಳಿಗೆ ಮುಳುವಾಗಬಹುದು. ಅವಳ ಚೀಲದಲ್ಲಿ ಎರಡು ಚುಚ್ಚುಮದ್ದು ಇದ್ದೇ ಇರುತ್ತವೆ.

ಪೂಜ್ಯ ಹಕೀಮಾ ಅವರಿಗೆ ಆಯುರಾರೋಗ್ಯಗಳು ಒದಗಲಿ, ಅವರ ಅಧ್ಯಯನ ಮುಂದುವರಿಯಲಿ ಎಂದು ಶಿಷ್ಯವೃಂದದ ಪರವಾಗಿ ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ನಾದಿನಿಯ ಆರು ತಿಂಗಳ ಕೂಸಿಗೂ ಮೈಯೆಲ್ಲ ಇಸುಬು. ಮೇಡಂ, ನೀವು ನಿವೃತ್ತರಾದ ನಂತರದ ಮೊದಲ ಸೋಮವಾರ ನಿಮ್ಮ ಚಿಕಿತ್ಸಾ ಕೋಣೆಯಲ್ಲೇ ಅದಕ್ಕೆ ಮೊದಲ ತಹಿನಿ ತಿನ್ನಿಸಬೇಕಾದವಳು ನಾನು. ತಿನ್ನಿಸುವುದೇ ಸರಿ ಎಂದು ಬಲ್ಲೆ. ಆದರೂ ಮೇಡಂ, ನನಗೆ ಹೆದರಿಕೆ. ಅಂದು ಏನೂ ಮಾಡಬೇಡಿ, ಸುಮ್ಮನೆ ಬಂದು ಆ ಕೋಣೆಯಲ್ಲಿ ಕುಳಿತಿರಿ.