ಸುತ್ತ ನೋಡುವ ಡಾಕ್ಟರು
ಹಾಲೂಡಿಸುವ ಎದೆಯಲ್ಲಿ ಕೈಗೆ ಸಿಕ್ಕ ಗಂಟು ಕ್ಯಾನ್ಸರೇ ಇರಬೇಕೆಂಬ ದಿಗಿಲು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮಂಡ್ಯದ ಲ್ಯಾಬಿಗೆ ಬಂದು ಕೂತರೂ ಮಾನಸಳನ್ನು ಬಿಡಲಿಲ್ಲ. ಅಲ್ಲಿ ಬಯಾಪ್ಸಿಗೆ ತೆಗೆದ ಗಂಟಿನ ಚೂರು ನೋಡುವ ಡಾಕ್ಟರ್ ಪುಟ್ಟಸ್ವಾಮಿಯವರೋ, ಯಾವುದನ್ನೂ ಅದರ ಸುತ್ತಮುತ್ತ ನೋಡದೆ ನಂಬುವವರಲ್ಲ. ಸೀಬೆಹಣ್ಣು ಕೊಳ್ಳುವಾಗ ಕಲೆಯ ಸುತ್ತ ಒತ್ತಿ ನೋಡುತ್ತಾರೆ. ಹೆಣ್ಣು ನೋಡಲು ಬಂದಾಗ ತನ್ನನ್ನು ಬಿಟ್ಟು ತನ್ನ ಚಿಕ್ಕಪ್ಪಂದಿರನ್ನೇ ನೋಡಿ ಹೋದರೆಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾರೆ. ಮಾನಸಳ ಗಂಟಿನ ಚೂರನ್ನೂ ಮೈಕ್ರೋಸ್ಕೋಪಿನಲ್ಲಿ ಹಾಗೇ ನೋಡಿ ಹೊರಬಂದರು. “ಕ್ಯಾನ್ಸರ್ ಬೆಳೆದಂಗೆಲ್ಲ ಸುತ್ತಲ ಮಾಂಸದ ನಾರೂ ಬಿಗಿದು ಗಟ್ಟಿಯಾಯ್ತದೆ ಕಣವ್ವ. ನಿಂದು ಸಡಿಲವಾಗೇ ಅದೆ. ಇದು ಬರೀ ಹಾಲಿನ ಗಂಟು, ಬುಡು,” ಎಂದವರು ಅವಳ ಅಕ್ಕಪಕ್ಕ ನೋಡಿದರು. “ಜೊತೇಲಿ ಯಾರೂ ಬಂದಿಲ್ವಾ? ಮನೇಲಿ ಯೋಳೇ ಇಲ್ವಾ?” ಎಂದು ಮಗುವನ್ನು ತಾವೇ ಎತ್ತಿಕೊಂಡರು. ಮಾನಸ ಹೊಳಲು ಊರಲ್ಲಿದ್ದ ಅತ್ತೆಗೆ ಫೋನು ಮಾಡಿ, “ಅತ್ತೆ, ಏನೂ ಇಲ್ವಂತೆ” ಎಂದು ಬಿಕ್ಕಿದಳು. ಏನಿತ್ತು ಅನ್ನುವುದೇ ಅತ್ತೆಗೆ ಗೊತ್ತಿರಲಿಲ್ಲ.