ಮೂರು ಏಜೆನ್ಸಿ, ಒಬ್ಬ ಸೋದರತ್ತೆ

ಫೋನಿನಲ್ಲಿ ವಿಮೆ ಮಾರುವ ಏಜೆನ್ಸಿಯೊಂದನ್ನು ಹದಿನೈದು ದಿನದೊಳಗೆ ಆರಿಸಿಕೊಳ್ಳಿ, ಇಲ್ಲವಾದರೆ ತಿಕೋಟಾ, ಬಬಲೇಶ್ವರದ ಭಾಗವನ್ನು ನಿಮ್ಮಿಂದ ತೆಗೆದು ಬೇರೆಯವರಿಗೆ ಕೊಡುತ್ತೇವೆ ಎಂದು ನಮ್ಮ ವಿಮಾ ಕಂಪನಿಯಿಂದ ಮೇಲ್ ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಬಿ.ಪಿ. ನೋಡಿಸಿಕೊಂಡದ್ದು. ಸರಿಯಾಗಿಯೇ ಇತ್ತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಕಡೆ ನೋಡಿಸಿದೆ.

ಇಪ್ಪತ್ತು ವರ್ಷದಿಂದ ಆ ಊರುಗಳಲ್ಲಿ ಮೋಟರ್ ಸೈಕಲ್ ಮೇಲೆ ತಿರುಗಿ ವಿಮೆ ಮಾರಿದವನು ನಾನು. ಯಾರ ಮನೆಯ ನಾಯಿ ಬರೀ ಬೊಗಳುತ್ತದೆ, ಯಾರದು ನಿಜಕ್ಕೂ ಕಚ್ಚುತ್ತದೆ ಎಂಬುದೆಲ್ಲ ಗೊತ್ತು. ಅದನ್ನೆಲ್ಲ ಕುರ್ಚಿಯಲ್ಲಿ ಕುಳಿತ ಯಾರೋ ಫೋನಿನಲ್ಲಿ ಮಾಡಬೇಕಂತೆ.

"ನೀವ ಫೋನ್ ಮಾಡಿ ಮಾರ್ರಿ, ಏಜೆನ್ಸಿ ಯಾಕ ಬೇಕು?" ಎಂದಳು ಹೆಂಡತಿ.

"ಅವರು ಉಣ್ಣಾಕತ್ತಿದ್ರ?"

"ಆಮ್ಯಾಲ ಮಾಡ್ರಿ."

"ಆಮ್ಯಾಲ ಮಲಗಿದ್ರ?"

ಅವಳು ಎದ್ದು ಒಳಗೆ ಹೋದಳು. ನಮ್ಮ ಮನೆಯಲ್ಲಿ ಚರ್ಚೆಗಳು ಮುಗಿಯುವುದು ಹೀಗೆಯೇ.

ಮೂರು ಏಜೆನ್ಸಿಗಳು ಸಿಕ್ಕವು. ಆರಿಸುವುದು ಹೇಗೆ? ಯೋಚಿಸಿ ಯೋಚಿಸಿ ಒಂದು ಪರೀಕ್ಷೆ ಕಂಡುಹಿಡಿದೆ. ಮೂವರಿಗೂ ಕಳ್ಳಕವಟಗಿಯಲ್ಲಿರುವ ನನ್ನ ಸೋದರತ್ತೆಯ ನಂಬರು ಕೊಟ್ಟೆ. ನನ್ನ ತಂದೆಯ ಕೊನೆಯ ತಂಗಿ, ನನಗಿಂತ ಹತ್ತು ವರ್ಷಕ್ಕಷ್ಟೇ ದೊಡ್ಡವಳು. ದ್ರಾಕ್ಷಿ ತೋಟವನ್ನು ಒಬ್ಬಳೇ ನಡೆಸುತ್ತಾಳೆ, ದ್ರಾಕ್ಷಿ ಒಣಹಾಕುವ ಶೆಡ್ಡಿನ ಏಣಿಯನ್ನು ಸೀರೆ ಎತ್ತಿ ಕಟ್ಟಿ ಹತ್ತುತ್ತಾಳೆ. ಒಂದು ಅಪಘಾತ ವಿಮೆ ಮಾಡಿಸಿಕೋ ಎಂದು ಇಪ್ಪತ್ತು ವರ್ಷ ಬೇಡಿಕೊಂಡರೂ ನನಗೆ ಚಹಾ ಕೊಟ್ಟಳೇ ಹೊರತು ಸಹಿ ಕೊಡಲಿಲ್ಲ. ಇವಳಿಗೆ ಮಾರಿದವರು ಯಾರಿಗೆ ಬೇಕಾದರೂ ಮಾರಬಲ್ಲರು. ಅವಳಿಗೆ ಮಾತ್ರ ಏನೂ ಹೇಳಲಿಲ್ಲ.

ಮೊದಲನೆಯ ಏಜೆನ್ಸಿ ನಮ್ಮ ವಿಜಯಪುರದಲ್ಲೇ, ಗೋಳಗುಮ್ಮಟದ ಹತ್ತಿರ, ಗಾಜಿನ ಬಾಗಿಲಿನದು. ಅಲ್ಲಿಯ ಮ್ಯಾನೇಜರ್, ಗ್ರಾಹಕ ಏನೇ ಅಂದರೂ ನಮ್ಮಲ್ಲಿ ಉತ್ತರ ಸಿದ್ಧವಿರುತ್ತದೆ ಎಂದು ಭರವಸೆ ಕೊಟ್ಟ. ಮರುದಿನವೇ ಕರೆಯ ರೆಕಾರ್ಡಿಂಗ್ ಕಳಿಸಿದ. ಕೇಳಿದೆ.

"ನಮಸ್ಕಾರ ಮೇಡಂ. ನಾಳೆ ತಾವು ಇಲ್ಲದಿದ್ದರೆ ತಮ್ಮ ಕುಟುಂಬದ ಗತಿಯೇನು ಎಂದು ಎಂದಾದರೂ ಯೋಚಿಸಿದ್ದೀರಾ?"

"ನಾಳೆ ನಾ ಎಲ್ಲಿ ಹೋಗ್ತೀನೋ ಭಾಡ್ಯಾ? ನಾಳೆ ದ್ರಾಕ್ಷಿ ಗಿಡಾ ಕತ್ತರಸೂದೈತಿ, ಹತ್ತ ಆಳು ಬರ್ತಾವ. ನಾ ಇಲ್ಲಂದ್ರ ಅವಕ್ಕೆಲ್ಲ ಬುತ್ತಿ ನಿಮ್ಮವ್ವ ಕಟ್ಟತಾಳೇನು?"

ಇದಕ್ಕೆ ಅವರು ಸಿದ್ಧವಿಟ್ಟಿದ್ದ ಉತ್ತರವೆಂದರೆ ಫೋನ್ ಇಟ್ಟುಬಿಡುವುದು.

ಎರಡನೆಯವರದು ಮನುಷ್ಯರೇ ಇಲ್ಲದ ವ್ಯವಸ್ಥೆ. ಯಂತ್ರದ ಹೆಣ್ಣುದನಿ ಮಾತಾಡುತ್ತದೆ, ಬೇಕಾದವರು ಒಂದನ್ನು ಒತ್ತಬೇಕು, ಬೇಡವಾದವರು ಎರಡನ್ನು. ಅವರು ಕಳಿಸಿದ ರೆಕಾರ್ಡಿಂಗಿನಲ್ಲಿ ಆ ದನಿ ವಿಮೆಯ ಲಾಭಗಳನ್ನು ಹೇಳುತ್ತಿದ್ದರೆ ಅತ್ತೆ ನಡುನಡುವೆ ಕೇಳುತ್ತಿದ್ದಳು: "ಯಾವೂರಾಕಿ ಬೇ ನೀ?" ಆಮೇಲೆ, "ಊಟಾ ಆತೇನವ್ವ?" ಮತ್ತೆ, "ಉಸರ ತಗೋ ತಂಗಿ, ನೀರ ಕುಡಿ." ಅದು ನಿಲ್ಲಲಿಲ್ಲ. ಕೊನೆಗೆ ಅತ್ತೆ ಫೋನ್ ಇಟ್ಟು ನೇರವಾಗಿ ನನಗೇ ಹಚ್ಚಿದಳು.

"ಲೇ, ನಿಮ್ಮ ವಿಮಾದಾಕಿ ಒಬ್ಬಾಕಿ ಫೋನ್ ಮಾಡಿದ್ಲು ನೋಡು. ಬಾಳ ಸೊಕ್ಕಿನಾಕಿ. ಊಟಾ ಆತೇನಂದ್ರ ಮಾತಾಡೂದಿಲ್ಲ. ಅಂಥಾಕೀನ ಕೆಲಸಕ್ಕ ಇಟ್ಗೋಬ್ಯಾಡ."

"ನನಗೇನ್ ಗೊತ್ತಿಲ್ಲತ್ತಿ," ಎಂದೆ. ಈ ವಯಸ್ಸಿನಲ್ಲೂ ಅತ್ತೆಗೆ ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ಮೂರನೆಯದು ಬಬಲೇಶ್ವರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಐದು ಜನ ಹೆಣ್ಣುಮಕ್ಕಳು, ಅವರಿಗೊಬ್ಬ ಯಜಮಾನಿ. ಯಜಮಾನಿ ನನ್ನ ವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದರು. ಗಿರಣಿ ನಡೆಯುವಾಗ ಊಟ, ಲೆಕ್ಕಪತ್ರ. ಗಿರಣಿ ನಿಂತಾಗ ಫೋನು. ರೆಕಾರ್ಡಿಂಗ್ ಗೀಕಾರ್ಡಿಂಗ್ ಅವರಲ್ಲಿರಲಿಲ್ಲ.

"ಮೊದಲನೇ ಫೋನಿನಾಗ ನಾವು ವಿಮಾ ಅನ್ನೂದೇ ಇಲ್ರಿ," ಎಂದರು ಯಜಮಾನಿ.

"ಮತ್ತೇನಂತೀರಿ?"

"ಯಾವಾಗ ಫೋನ್ ಮಾಡಿದ್ರ ನಿಮಗ ಅನುಕೂಲ ಆಕ್ಕೈತಿ ಅಂತ ಕೇಳಿ ಇಡತೀವಿ. ಎರಡನೇ ಸಲ ಯಾರು, ಯಾವ ಮನಿತನ, ಅದೂ ಇದೂ. ಮೂರನೇ ಸಲ ವಿಷಯ. ಕನ್ಯಾ ನೋಡಾಕ ಹೋದವರು ಚಪ್ಪಲಿ ಬಿಡೂದ್ರಾಗ ವರದಕ್ಷಿಣಿ ಕೇಳತಾರೇನ್ರಿ?"

ಮಾತು ಸರಿಯೇ. ಆದರೆ ನನ್ನ ಹದಿನೈದರಲ್ಲಿ ಆಗಲೇ ಆರು ದಿನ ಹೋಗಿದ್ದವು. ಒಂಬತ್ತನೇ ದಿನ ಕೇಳಿದೆ. "ಅವರು ಸಂಜೀಕ ಮಾಡು ಅಂದಾರ್ರಿ," ಎಂದರು. ಹನ್ನೊಂದನೇ ದಿನ ಕೇಳಿದೆ. "ಇವತ್ತ ಮಜ್ಜಿಗಿ ಸಾರು ಹೆಂಗ ಮಾಡೂದು ಹೇಳಿಕೊಟ್ಟಾರ್ರಿ," ಎಂದರು. ಇತ್ತ ನನ್ನ ಭಾಗವೇ ಕೈಬಿಟ್ಟು ಹೋಗುತ್ತಿದೆ, ಇವರು ಸಾರು ಕಲಿಯುತ್ತಿದ್ದಾರೆ! ಹನ್ನೆರಡನೇ ದಿನ ನಾನು ಕೇಳಲಿಲ್ಲ, ಬಿ.ಪಿ. ನೋಡಿಸಿಕೊಂಡೆ.

ಹದಿಮೂರನೇ ದಿನ ಅತ್ತೆಯ ಫೋನು.

"ಲೇ, ಕಾಗದ ತಗೊಂಡ ಬಾ. ವಿಮಾ ಮಾಡಸ್ತೀನಿ."

"ಅತ್ತಿ, ಆರಾಮ ಅದೀಯಿಲ್ಲ?"

"ಹಾಂ! ಇದ ನೋಡು, ಇದಕ್ಕ ನಿನ್ನ ಕಡೆ ಮಾಡಸಲಿಲ್ಲ ನಾ. ಬಬಲೇಶ್ವರದ ಆ ಹುಡುಗಿ ನಕ್ಕೋತ ಮಾತಾಡತೈತಿ. ಏಣಿ ಮ್ಯಾಲಿಂದ ಬಿದ್ರ ದವಾಖಾನಿ ಖರ್ಚು ಅವರದಂತ, ನಾ ಬೀಳೂದು ಅಷ್ಟ ಅಂತ. ನೀ ಬಂದ್ರ ಚಾದ ಕಪ್ಪು ಹಿಡ್ಕೊಂಡು, ಹುಬ್ಬ ಗಂಟ ಹಾಕ್ಕೊಂಡು, 'ಹೆಂಗದೀ ಅತ್ತಿ' ಅಂತಿದ್ದಿ. ಡಾಕ್ಟರ್ ನನ್ನ ಬಗ್ಗೆ ನಿನಗ ಏನರ ಹೇಳ್ಯಾರ, ನೀ ಮುಚ್ಚಿಟ್ಟಿ ಅಂತ ನನಗ ರಾತ್ರಿಯೆಲ್ಲ ನಿದ್ದಿ ಬರ್ತಿದ್ದಿಲ್ಲ."

ಇಪ್ಪತ್ತು ವರ್ಷ ನಾನು ನನ್ನ ಮುಖವನ್ನು ಊರೂರಿಗೆ ಹೊತ್ತು ತಿರುಗಿದ್ದೆ! ಎಷ್ಟು ಜನರ ನಿದ್ದೆ ಕೆಡಿಸಿದ್ದೇನೋ ಎಂಬ ಹೊಸ ಚಿಂತೆಯೊಂದನ್ನು ಜೊತೆಗಿಟ್ಟುಕೊಂಡೇ ಮರುದಿನ, ಮೋಟರ್ ಸೈಕಲ್ ನಡೆಸಲು ಧೈರ್ಯ ಸಾಲದೆ, ಬಬಲೇಶ್ವರದ ಬಸ್ಸು ಹತ್ತಿದೆ.

"ನಿಮ್ಮನ್ನ ಆರಿಸೀನ್ರಿ," ಎಂದೆ, ಸ್ವಲ್ಪ ಗತ್ತಿನಿಂದಲೇ.

ಯಜಮಾನಿ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಆತ್ರಿ. ಆದ್ರ ನಾವೂ ನಿಮ್ಮನ್ನ ಆರಿಸಬೇಕಲ್ರಿ? ನಾಳೆ ಯಾರರ ಬಿದ್ರ, ಎದ್ರ, ಜನಾ ಬೈಯೂದು ನಮ್ಮ ಹುಡುಗ್ಯಾರನ್ನ. ಆವಾಗ ನಿಮಗ ಫೋನ್ ಹಚ್ಚತೀವಿ. ಎತ್ತತೀರೇನು?"

"ಎತ್ತತೀನ್ರಿ."

"ಯಾವ ಹೊತ್ತಿನ್ಯಾಗರ?"

"ಯಾವ ಹೊತ್ತಿನ್ಯಾಗರ."

"ನಿಮ್ಮತ್ತೀನೂ ಕೇಳೀವ್ರಿ. 'ಅಂಜಬುರಕ ಐತಿ, ಆದ್ರ ಕರದ್ರ ಓಡಿ ಬರ್ತೈತಿ' ಅಂದ್ರು." ಕೋಣೆಯಲ್ಲಿದ್ದ ಐದೂ ಜನ ನಕ್ಕರು. ಯಜಮಾನಿ ಕರಾರಿಗೆ ಸಹಿ ಹಾಕಿದರು.

ಅಲ್ಲಿಂದಲೇ ಕಂಪನಿಗೆ ಮೇಲ್ ಹಾಕಿದೆ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಉತ್ತರ ಬಂತು: ಭಾಗ ನಿಮ್ಮದೇ, ಮುಂದುವರಿಸಿ. ಆ ಸಂತೋಷದಲ್ಲಿ ಎರಡು ಸಲ ಓದಿದೆ, ಮೂರನೆಯ ಸಲ ಓದುವಾಗ ಫೋನಿನ ಮೂಲೆಯಲ್ಲಿ ಕೆಂಪು ಗೆರೆ ಕಾಣಿಸಿತು. ಚಾರ್ಜ್ ಮುಗಿಯುತ್ತ ಬಂದಿತ್ತು. ಮಾತು ಕೊಟ್ಟು ಅರ್ಧ ತಾಸೂ ಆಗಿರಲಿಲ್ಲ. ವಿಜಯಪುರದ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಚಹಾದಂಗಡಿಗೆ ಓಡಿದೆ.

"ಚಾರ್ಜರ್ ಐತೇನ್ರಿ? ಲಗೂನ ಕೊಡ್ರಿ!"

ಅಂಗಡಿಯವ ಗಾಬರಿಯಿಂದ ವೈರು ಚಾಚಿದ. "ಏನ್ರಿ, ಯಾರದರ ಅರ್ಜಂಟ್ ಫೋನ್ ಬರೂದೈತೇನು?"

"ಇಲ್ರಿ."

"ಮತ್ತ?"

"ಬಂದ್ರ?"